ಪುಟ್ಟಿಯ ಪಟ್ಟಿಯಿಂದ ಒಂದು ಹೆಸರು ಹೊಡೆದು ಹಾಕಿದ್ದೇನೆ

ಕ್ಯೋಟೊ
ನವೆಂಬರ್ 2025

ಪ್ರೀತಿಯ ಅಮ್ಮ, ಅಪ್ಪ, ಅಜ್ಜಿ ಮತ್ತು ಪುಟ್ಟಿಗೆ,

ಮೇ ತಿಂಗಳಲ್ಲಿ ನೀವೆಲ್ಲ ಬರುವುದು ಗಟ್ಟಿ ಅಂತ ತಿಳಿದು ತುಂಬಾ ಖುಷಿಯಾಯಿತು. ಪುಟ್ಟಿ ಕಳಿಸಿದ ಪಟ್ಟಿಯೂ ಬಂತು. ಅರಶಿಯಾಮದ ಬಿದಿರು ತೋಪು, ನಾರಾದ ಜಿಂಕೆ, ಫುಶಿಮಿ ಇನಾರಿಯ ಕೆಂಪು ಕಮಾನುಗಳು, ಎಲ್ಲಾ ಸರಿ. ಆದರೆ ಪಟ್ಟಿಯ ತಲೆಯಲ್ಲೇ ಮೂರು ಹಸಿರು ಹೃದಯ ಹಾಕಿ ಬರೆದಿದ್ದಾಳಲ್ಲ, ಮಾಚಾ (ನುಣ್ಣಗೆ ಬೀಸಿದ ಹಸಿರು ಟೀ ಪುಡಿ) ಸಿಹಿತಿಂಡಿಯ ಆ ಟೀ ಮನೆ, ಅದನ್ನು ನಾನು ಹೊಡೆದು ಹಾಕಿದ್ದೇನೆ. ಅವಳು ಮುನಿಸಿಕೊಳ್ಳುವ ಮುಂಚೆ ಕಾರಣ ಹೇಳಿಬಿಡುತ್ತೇನೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ "ಆಯ್ತು ಬಿಡೇ, ನಿನಗೆ ಎಲ್ಲದರಲ್ಲೂ ತಕರಾರು" ಅನ್ನುತ್ತಾಳೆ. ಅದಕ್ಕೇ ಕಾಗದ.

ಅಂಗಡಿಯ ಹೆಸರು ನಾನು ಬರೆಯುವುದಿಲ್ಲ. ಅಂಥವು ಇಲ್ಲಿ ಬೇಕಾದಷ್ಟಿವೆ.

ಆಫೀಸಿನ ಗೆಳತಿಯ ಅಮ್ಮ ಪುಣೆಯಿಂದ ಬಂದಿದ್ದರು. ಅವರೂ ಪುಟ್ಟಿ ನೋಡಿದ ವಿಡಿಯೊವನ್ನೇ ನೋಡಿದ್ದರು ಅನ್ನಿಸುತ್ತದೆ. ಉದ್ದದ ಗಾಜಿನ ಲೋಟ, ಮೇಲೆ ಹಸಿರು ಐಸ್‌ಕ್ರೀಮು, ಅದರ ಮೇಲೆ ಜರಡಿಯಿಂದ ನಿಧಾನವಾಗಿ ಬೀಳುವ ಹಸಿರು ಪುಡಿ. ಮೂವರೂ ಹೋದೆವು. ಹಿಗಶಿಯಾಮಾದ ಏರುದಾರಿಯಲ್ಲಿ ಅಂಗಡಿ. ಎಲೆ ಕೆಂಪಾಗುವ ಕಾಲ ಬೇರೆ. ಕ್ಯೋಟೊಗೆ ಜನ ಹೆಚ್ಚು ಬರುವುದು ಏಪ್ರಿಲ್‌ನ ಹೂವಿಗೆ, ಇಲ್ಲಾ ನವೆಂಬರ್‌ನ ಎಲೆಗೆ. 2024ರಲ್ಲಿ ಜಪಾನಿಗೆ ಬಂದ ವಿದೇಶೀಯರೇ 3 ಕೋಟಿ 68 ಲಕ್ಷ. ಆ ಭಾನುವಾರ ಅವರಲ್ಲಿ ಅರ್ಧ ಜನ ನಮ್ಮ ಮುಂದೆಯೇ ಸಾಲಿನಲ್ಲಿ ನಿಂತ ಹಾಗಿತ್ತು.

ಬಾಗಿಲಲ್ಲಿ ಒಂದು ಯಂತ್ರ. ಎಷ್ಟು ಜನ ಅಂತ ಒತ್ತಿದರೆ ನಂಬರಿನ ಚೀಟಿ ಬರುತ್ತದೆ. ಸರದಿ ಬಂದಾಗ ಫೋನಿಗೆ ಸುದ್ದಿ ಕಳಿಸುತ್ತಾರೆ, ಆದರೆ ಜಪಾನಿನ ನಂಬರು ಇರಬೇಕು. ನನ್ನ ಹತ್ತಿರ ಇತ್ತು, ಸರಿಹೋಯಿತು. ನಮ್ಮ ಹಿಂದೆ ನಿಂತಿದ್ದ ಸ್ಪೇನಿನ ದಂಪತಿಯ ಹತ್ತಿರ ಇರಲಿಲ್ಲ. ಪಾಪ, ಅವರು ಬಾಗಿಲು ಬಿಟ್ಟು ಕದಲುವ ಹಾಗೇ ಇಲ್ಲ. ಕರೆದಾಗ ಎದುರಿಗೆ ಇಲ್ಲದಿದ್ದರೆ ಸರದಿ ರದ್ದು. ಕುಳಿತುಕೊಳ್ಳಲು ಒಂದು ಬೆಂಚೂ ಇಲ್ಲ. ಗೆಳತಿಯ ಅಮ್ಮನಿಗೆ ಮಂಡಿನೋವು. ಎರಡು ಗಂಟೆಯ ಮೇಲೆ ಆ ಏರಿನಲ್ಲಿ ಒಮ್ಮೆ ಈ ಕಾಲು, ಒಮ್ಮೆ ಆ ಕಾಲು ಮಾಡುತ್ತಾ ನಿಂತರು. ಅಜ್ಜೀ, ನಿಮ್ಮನ್ನು ನೆನೆದುಕೊಂಡೇ ನಾನು ಆ ಹೊತ್ತಿಗೆ ಪಟ್ಟಿಯ ಮೇಲೆ ಅರ್ಧ ಗೆರೆ ಎಳೆದಾಗಿತ್ತು.

ಕಾಯುವವರಿಗೆ ನೋಡಲು ಇದ್ದದ್ದು ಒಂದೇ, ಕಿಟಕಿಯಲ್ಲಿಟ್ಟ ಪ್ಲಾಸ್ಟಿಕ್ ತಿಂಡಿ. ಇದು ಇಲ್ಲಿಯ ದೊಡ್ಡ ಕಸುಬು. ಹೋಟೆಲಿನಲ್ಲಿ ಏನೇನು ಸಿಗುತ್ತದೋ ಅದರ ಅಚ್ಚು ಮಾಡಿ ಗಾಜಿನ ಹಿಂದೆ ಇಡುತ್ತಾರೆ. ಹಿಂದೆ ಮೇಣದಲ್ಲಿ ಮಾಡುತ್ತಿದ್ದರು, ಈಗ ಪ್ಲಾಸ್ಟಿಕ್. ಗಿಫು ಕಡೆಯ ಗುಜೋ ಹಾಚಿಮನ್ ಎಂಬ ಊರು ಇದಕ್ಕೇ ಹೆಸರುವಾಸಿ. ನನಗೆ ಈ ಪದ್ಧತಿ ತುಂಬಾ ಇಷ್ಟ. ಭಾಷೆ ಬಾರದ ಹೊಸತರಲ್ಲಿ ನನ್ನ ಹೊಟ್ಟೆ ತುಂಬಿದ್ದೇ ಅದನ್ನು ತೋರಿಸಿ ತೋರಿಸಿ. ಸಾಮಾನ್ಯವಾಗಿ ಕಿಟಕಿಯಲ್ಲಿ ಇದ್ದದ್ದೇ ತಟ್ಟೆಯಲ್ಲಿ ಬರುತ್ತದೆ, ಅಳತೆ ಕೂಡ ತಪ್ಪುವುದಿಲ್ಲ. ಅದಕ್ಕೇ ಒಳಗೆ ಆದದ್ದು ಇನ್ನೂ ಜಾಸ್ತಿ ಚುಚ್ಚಿತು.

ಒಳಗೆ ಹೋದ ಕೂಡಲೇ ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಕೈಗೆ ಬಂತು. ಒಬ್ಬರಿಗೆ ಒಂದು ತಿಂಡಿ ಕಡ್ಡಾಯ, ಹಂಚಿಕೊಳ್ಳುವಂತಿಲ್ಲ, 60 ನಿಮಿಷಕ್ಕೆ ಜಾಗ ಬಿಡಬೇಕು. ಒಬ್ಬರಿಗೆ ಒಂದು ಅನ್ನುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಇಲ್ಲಿಯ ಅಂಗಡಿಗಳು ಚಿಕ್ಕವು, ಬಾಡಿಗೆ ದೊಡ್ಡದು. ಒಂದು ಟೀ ತಗೊಂಡು ನಾಲ್ಕು ಜನ ಕೂತರೆ ಅವರಾದರೂ ಏನು ಮಾಡಬೇಕು? ತಕರಾರು ಇರುವುದು ಮುಂದಿನದ್ದಕ್ಕೆ. ಆರ್ಡರ್ ಮಾಡಲು ಮೇಜಿನ ಮೇಲಿನ ಕ್ಯೂಆರ್ ಕೋಡನ್ನು ಫೋನಿನಲ್ಲಿ ಓದಿಸಬೇಕು. ಇಂಗ್ಲಿಷ್ ಆರಿಸಿದರೆ ಬರೀ ದೊಡ್ಡ ಸೆಟ್‌ಗಳು. ಪಾರ್ಫೆ (ವಿಡಿಯೊದ ಆ ಉದ್ದ ಲೋಟದ ಐಸ್‌ಕ್ರೀಮು), ಜೊತೆಗೆ ಟೀ, ಜೊತೆಗೆ ಒಂದು ಪುಟ್ಟ ಕೇಕು. ನಾನು ಸುಮ್ನೆ ಭಾಷೆಯನ್ನು ಜಪಾನಿಗೆ ಬದಲಿಸಿದೆ. ಅಲ್ಲಿ ಒಂದು ಬಟ್ಟಲು ಮಾಚಾ, ಒಂದು ಸಿಹಿ, ಅಷ್ಟೇ ಇರುವ ಆಯ್ಕೆಯೂ ಇತ್ತು, ಸೆಟ್ಟಿನ ಅರ್ಧಕ್ಕೂ ಕಡಿಮೆ ಬೆಲೆಗೆ. ಗೆಳತಿಯ ಅಮ್ಮನಿಗೆ ಬೇಕಿದ್ದದ್ದೇ ಅದು. ಇಂಗ್ಲಿಷ್ ಮಾತ್ರ ಓದುವವರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಬೇಕೂಂತ ಮಾಡಿದ್ದೋ, ಅನುವಾದ ಮಾಡಲು ಸೋಮಾರಿತನವೋ. ಏನೇ ಇರಲಿ, ನನಗೆ ಅಲ್ಲೇ ಮನಸ್ಸು ಕೆಟ್ಟಿತು.

ಅಮ್ಮ, ಈಗ ನೀವು ಕೇಳುವ ಪ್ರಶ್ನೆ: ಮೊಟ್ಟೆ ಇದೆಯಾ, ಜೆಲಾಟಿನ್ ಇದೆಯಾ? ಪಾರ್ಫೆಯ ಒಳಗೆ ಹಸಿರು ಜೆಲ್ಲಿಯ ತುಂಡುಗಳಿರುತ್ತವೆ. ಅದನ್ನು ಕಡಲಪಾಚಿಯಿಂದ ಬರುವ ಕಾಂತೆನ್‌ನಿಂದ ಮಾಡಿದ್ದರೆ ನಮಗೆ ನಡೆಯುತ್ತದೆ. ಜೆಲಾಟಿನ್ ಆದರೆ ಅದು ಪ್ರಾಣಿಯ ಚರ್ಮ ಮೂಳೆಯಿಂದ ಬಂದದ್ದು, ನಡೆಯುವುದಿಲ್ಲ. ಕಣ್ಣಿಗೆ ಎರಡೂ ಒಂದೇ. ಫೋನಿನ ಮೆನುವಿನಲ್ಲಿ ಈ ಬಗ್ಗೆ ಒಂದಕ್ಷರ ಇಲ್ಲ. ಕೇಳಲು ಮನುಷ್ಯರೇ ಸಿಗಲಿಲ್ಲ. ಕೈಯೆತ್ತಿ ಎತ್ತಿ ಕೊನೆಗೆ ಒಬ್ಬ ಹುಡುಗಿ ಬಂದಳು. ಜಪಾನಿಯಲ್ಲೇ ಕೇಳಿದೆ. ಅಡುಗೆಮನೆಗೆ ಹೋದಳು, ತುಂಬಾ ಹೊತ್ತು ಬರಲಿಲ್ಲ. ಬಂದು ಸೊಂಟದಿಂದ ಬಾಗಿ, ಖಚಿತವಾಗಿ ಹೇಳಲು ಆಗುವುದಿಲ್ಲ, ದಯವಿಟ್ಟು ಕ್ಷಮಿಸಿ ಅಂದಳು. ಗೊತ್ತಿಲ್ಲದ್ದನ್ನು ಗೊತ್ತು ಅನ್ನಲಿಲ್ಲ. ಆ ಪ್ರಾಮಾಣಿಕತೆಗೆ ನಾನು ಮೆಚ್ಚಿದೆ. ಆದರೆ ಜೆಲ್ಲಿ ಯಾವುದರಿಂದ ಅಂತ ಅಡುಗೆಮನೆಗೇ ಗೊತ್ತಿಲ್ಲ ಅಂದರೆ ಏನರ್ಥ? ಆ ಜೆಲ್ಲಿ ಅಲ್ಲಿ ಮಾಡಿದ್ದೇ ಅಲ್ಲ, ಡಬ್ಬದಲ್ಲಿ ಬಂದದ್ದು.

ಕಾನೂನೂ ಇಲ್ಲಿ ನೆರವಿಗೆ ಬರುವುದಿಲ್ಲ. ಪ್ಯಾಕೆಟ್ಟಿನಲ್ಲಿ ಮಾರುವ ತಿಂಡಿಯ ಮೇಲೆ ಮೊಟ್ಟೆ, ಹಾಲು, ಗೋಧಿ, ಕಡಲೆಕಾಯಿ, ಸಿಗಡಿ ಮುಂತಾದ ಕೆಲವು ಪದಾರ್ಥಗಳನ್ನು ಬರೆಯಲೇಬೇಕು. ಜೆಲಾಟಿನ್ ಬರೆದರೆ ಒಳ್ಳೆಯದು ಅನ್ನುವ ಪಟ್ಟಿಯಲ್ಲಿದೆ, ಕಡ್ಡಾಯದ ಪಟ್ಟಿಯಲ್ಲಿಲ್ಲ. ಅದೂ ಪ್ಯಾಕೆಟ್ಟಿಗೆ ಮಾತ್ರ. ಹೋಟೆಲಿನ ತಟ್ಟೆಗೆ ಯಾವುದೂ ಕಡ್ಡಾಯ ಅಲ್ಲ. ಹಾಗಾಗಿ ಮೇನಲ್ಲಿ ನೀವು ಬಂದಾಗ ತಟ್ಟೆಯಲ್ಲಿ ನಡುಗುವ ಯಾವುದನ್ನೂ ನನ್ನನ್ನು ಕೇಳದೆ ಬಾಯಿಗೆ ಇಡಬೇಡಿ.

ಕೊನೆಗೆ ಗೆಳತಿಯ ಅಮ್ಮನಿಗೆ ಬಟ್ಟಲು ಮಾಚಾ ಮತ್ತು ವಾರಾಬಿಮೋಚಿ, ನಮ್ಮಿಬ್ಬರಿಗೆ ಪಾರ್ಫೆ ಹೇಳಿದೆವು. ಒಂದು ಪಾರ್ಫೆಗೆ 1,980 ಯೆನ್. ನಮ್ಮ ದುಡ್ಡಿನಲ್ಲಿ ಸಾವಿರದ ನೂರಕ್ಕೂ ಜಾಸ್ತಿ. ಅಪ್ಪ ಬೆಚ್ಚಿಬೀಳಬೇಡಿ, ಇಲ್ಲಿಯ ಲೆಕ್ಕವನ್ನೇ ಹೇಳುತ್ತೇನೆ. 2024ರ ಕೊನೆಗೆ ಕ್ಯೋಟೊದಲ್ಲಿ ಗೊತ್ತುಮಾಡಿದ ಕನಿಷ್ಠ ಕೂಲಿ ಗಂಟೆಗೆ 1,058 ಯೆನ್. ಅಂದರೆ ಅದನ್ನು ತಂದುಕೊಡುವ ಹುಡುಗಿ ಅದನ್ನು ತಿನ್ನಬೇಕಾದರೆ ಹೆಚ್ಚುಕಡಿಮೆ ಎರಡು ಗಂಟೆ ದುಡಿಯಬೇಕು.

ಮೊದಲು ಬಂದದ್ದು ಬಟ್ಟಲು. ಮಾಚಾ ಮಾಡುವ ರೀತಿ ಸರಳ. ಸುಮಾರು 2 ಗ್ರಾಂ ಪುಡಿ ಜರಡಿ ಹಿಡಿದು, 80 ಡಿಗ್ರಿಯ 70 ಮಿಲಿಲೀಟರ್ ನೀರು ಹಾಕಿ, ಬಿದಿರಿನ ಕಡೆಗೋಲಿನಿಂದ ಬೇಗಬೇಗ ಕಡೆಯುವುದು. ಮೇಲೆ ಸಣ್ಣ ನೊರೆ ನಿಲ್ಲಬೇಕು. ಬಿಸಿಯಿರುವಾಗಲೇ ಮೂರ್ನಾಲ್ಕು ಗುಟುಕಿಗೆ ಮುಗಿಸಬೇಕು. ನಮಗೆ ಬಂದದ್ದು ಉಗುರುಬೆಚ್ಚಗಿತ್ತು. ನೊರೆಯ ಬದಲು ದೊಡ್ಡ ದೊಡ್ಡ ಗುಳ್ಳೆ, ತಳದಲ್ಲಿ ಕರಗದ ಪುಡಿಯ ಗಂಟು. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಬ್ಯಾಟರಿ ಕಡೆಗೋಲಿನ ಗುರ್ ಸದ್ದು ಕೇಳುತ್ತಿತ್ತು. ಗೋಡೆಯ ಮೇಲೆ ಮಾತ್ರ ಬಿದಿರಿನ ಕಡೆಗೋಲುಗಳನ್ನು ಸಾಲಾಗಿ ಚೌಕಟ್ಟು ಹಾಕಿ ತೂಗುಹಾಕಿದ್ದರು. ನಾರಾ ಪ್ರಾಂತ್ಯದ ತಾಕಾಯಾಮಾ ಹಳ್ಳಿಯಲ್ಲಿ ಒಂದೇ ಬಿದಿರಿನ ತುಂಡನ್ನು ಕೈಯಲ್ಲಿ ಸೀಳಿ ಸೀಳಿ ಮಾಡುವ ಸಾಮಾನು ಅದು. ಅಷ್ಟು ಹೊತ್ತಿನಲ್ಲಿ ಅಲ್ಲಿ ಕಣ್ಣಿಗೆ ಹಿತವಾಗಿ ಕಂಡದ್ದು ಅದೊಂದೇ.

ವಾರಾಬಿಮೋಚಿ ಅಂದರೆ ಒಂದು ಜಾತಿಯ ಜರೀಗಿಡದ ಬೇರಿನ ಪಿಷ್ಟ ಕುದಿಸಿ ಮಾಡುವ ಮೆತ್ತನೆ ಸಿಹಿ. ಹುರಿದ ಸೋಯಾ ಹಿಟ್ಟಿನಲ್ಲಿ ಹೊರಳಿಸಿ, ಕಪ್ಪು ಬೆಲ್ಲದ ಪಾಕ ಹಾಕಿ ಕೊಡುತ್ತಾರೆ. ನಿಜವಾದ ಬೇರಿನ ಹಿಟ್ಟು ಸಿಗುವುದು ಕಷ್ಟ, ಬೆಲೆಯೂ ಜಾಸ್ತಿ. ಹಾಗಾಗಿ ಹೆಚ್ಚಿನ ಕಡೆ ಗೆಣಸಿನ ಪಿಷ್ಟ ಬಳಸುತ್ತಾರೆ. ಅದೂ ಚೆನ್ನಾಗಿಯೇ ಇರುತ್ತದೆ, ಅವತ್ತೇ ಮಾಡಿದ್ದಾದರೆ. ಫ್ರಿಜ್ಜಿನಲ್ಲಿ ಇಟ್ಟರೆ ಕೆಟ್ಟಿತು. ಬೆಳ್ಳಗೆ ಮಬ್ಬಾಗಿ ಗಟ್ಟಿಯಾಗುತ್ತದೆ. ನಮ್ಮದು ಹಾಗೇ ಆಗಿತ್ತು. ಗೆಳತಿಯ ಅಮ್ಮ ಒಂದು ತುಂಡು ಬಾಯಿಗೆ ಹಾಕಿ, ಅಗಿದು ಅಗಿದು, ನೀರು ಕುಡಿದು ನುಂಗಿದರು.

ಪಾರ್ಫೆ ನೋಡಲು ಕಿಟಕಿಯ ಪ್ಲಾಸ್ಟಿಕ್ಕಿನ ಹಾಗೆಯೇ ಇತ್ತು, ಮೇಲಿನ ನಾಲ್ಕು ಬೆರಳಷ್ಟು. ಅದರ ಕೆಳಗೆ ಲೋಟದ ಅರ್ಧಕ್ಕೂ ಮೀರಿ ಕಾರ್ನ್‌ಫ್ಲೇಕ್ಸ್. ಹಸಿರು ಐಸ್‌ಕ್ರೀಮಿನಲ್ಲಿ ಸಕ್ಕರೆ ಗೊತ್ತಾಯಿತು, ಹಾಲು ಗೊತ್ತಾಯಿತು, ಮಾಚಾ ಹುಡುಕಬೇಕಾಯಿತು. ಬಣ್ಣ ಮಾತ್ರ ಪಟಾಕಿ ಹಸಿರು. ಮಾಚಾದ ಹಸಿರು ಬೆಳಕಿಗೆ, ಬಿಸಿಗೆ ಬೇಗ ಮಂಕಾಗುತ್ತದೆ. ಸಿಹಿತಿಂಡಿಗೆಂದು ಮಾರುವ ಎಷ್ಟೋ ಪುಡಿಗಳಿಗೆ ಕ್ಲೋರೆಲ್ಲಾ ಎಂಬ ಪಾಚಿ ಬೆರೆಸಿರುತ್ತಾರೆ, ಬಣ್ಣ ನಿಲ್ಲಲಿ ಅಂತ. ಅದರಲ್ಲಿ ಕಳ್ಳತನ ಏನಿಲ್ಲ, ಪ್ಯಾಕೆಟ್ಟಿನ ಮೇಲೆ ಬರೆದೇ ಇರುತ್ತದೆ. ಲೋಟದ ಮೇಲೆ ಯಾರು ಬರೆಯುತ್ತಾರೆ? ಇನ್ನು ಅಕ್ಕಿಹಿಟ್ಟಿನ ಉಂಡೆ ಶಿರಾತಾಮಾ. ಹೊರಗೆ ಮೆತ್ತಗೆ, ಒಳಗೆ ಮಂಜುಗಡ್ಡೆ. ಗೆಳತಿ ಕಚ್ಚಿದಾಗ 'ಕರ್' ಅಂತ ಸದ್ದೇ ಬಂತು.

ಇದನ್ನು ಹೇಳಲೇಬೇಕು ಅಂತ ಕೈಯೆತ್ತಿದೆ. ಅದೇ ಹುಡುಗಿ ಬಂದಳು, ಮತ್ತೆ ಸೊಂಟದಿಂದ ಬಾಗಿದಳು. ನಾಲ್ಕು ಸಲ ಕ್ಷಮೆ ಕೇಳಿ ಲೋಟ ಒಯ್ದಳು. ಹದಿನೈದು ನಿಮಿಷದ ಮೇಲೆ ಅದೇ ಲೋಟ ವಾಪಸ್ ಬಂತು. ಅದೇ ಅನ್ನುವುದು ಹೇಗೆ ಗೊತ್ತಾಯಿತು ಅಂದರೆ ಗೆಳತಿ ಕಚ್ಚಿ ಬಿಟ್ಟಿದ್ದ ಉಂಡೆಯೂ ಅದರಲ್ಲೇ ಇತ್ತು. ಉಂಡೆಗಳು ಈಗ ಮೆತ್ತಗಾಗಿದ್ದವು, ನಿಜ. ಜೊತೆಗೆ ಐಸ್‌ಕ್ರೀಮು ಪೂರಾ ಕರಗಿ, ಕಾರ್ನ್‌ಫ್ಲೇಕ್ಸ್ ಹಸಿರು ಗಂಜಿಯಾಗಿತ್ತು. ನಮಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಇನ್ನೊಬ್ಬ ಹುಡುಗ ಬಂದು, ನಿಮ್ಮ 60 ನಿಮಿಷ ಮುಗಿಯುತ್ತಾ ಬಂತು ಅಂತ ಬಹಳ ವಿನಯದಿಂದ ಬಿಲ್ಲಿನ ಚೀಟಿಯನ್ನು ಮೇಜಿನ ತುದಿಗೆ ಇಟ್ಟ. ಲೋಟ ಒಳಗೆ ಕಳೆದ ಹದಿನೈದು ನಿಮಿಷವೂ ನಮ್ಮ ಲೆಕ್ಕಕ್ಕೇ.

ಅಪ್ಪ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಗೊತ್ತು. ಊರಿನ ಹೋಟೆಲಿನಲ್ಲಿ ಕಾಫಿ ಆರಿದ್ದರೆ "ಏನಪ್ಪಾ ಇದು" ಅಂತ ಒಂದು ಮಾತು ಜೋರಾಗಿ ಹೇಳುತ್ತೀರಿ. ಗಲ್ಲಾದಲ್ಲಿ ಕೂತವರಿಗೆ ಕೇಳುತ್ತದೆ, ಅವರು ಒಳಗೆ ಕೂಗುತ್ತಾರೆ, ಬಿಸಿ ಕಾಫಿ ಬರುತ್ತದೆ. ಮುಖ ಗಂಟು ಹಾಕಿಕೊಂಡೇ ತಂದರೂ ಬರುತ್ತದೆ. ಇಲ್ಲಿ ಯಾರೂ ಮುಖ ಗಂಟು ಹಾಕಲಿಲ್ಲ. ಪ್ರತಿ ಮಾತಿಗೂ ಬಾಗಿದರು. ನನ್ನ ತಕರಾರೇ ಅದು. ಅಷ್ಟು ಬಾಗುವವರ ಎದುರು ದೂರು ಹೇಳಲು ಬಾಯಿ ಬರುವುದಿಲ್ಲ. ಹೇಳಿದರೂ ಅದು ಆ ಹುಡುಗಿಯ ತಲೆಯ ಮೇಲೇ ಬೀಳುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಉಂಡೆಗಳನ್ನು ಫ್ರೀಜರಿನಲ್ಲಿ ಇಡಿ ಅಂದವರು, ಲೋಟಕ್ಕೆ ಇಷ್ಟು ಕಾರ್ನ್‌ಫ್ಲೇಕ್ಸ್ ತುಂಬಿ ಅಂದವರು ಎಲ್ಲೋ ಆಫೀಸಿನಲ್ಲಿ ಕೂತಿರುತ್ತಾರೆ. ಕ್ಷಮೆ ಕೇಳುವ ಕೆಲಸವನ್ನು ಗಂಟೆಯ ಕೂಲಿಯವರಿಗೆ ಬಿಟ್ಟಿರುತ್ತಾರೆ.

ಪಕ್ಕದ ಮೇಜಿನಲ್ಲಿ ವಯಸ್ಸಾದ ಜಪಾನಿ ಹೆಂಗಸು, ಜೊತೆಗೆ ಮಗಳು. ಇಬ್ಬರ ಬಟ್ಟಲಿನಲ್ಲೂ ಟೀ ಅರ್ಧ ಉಳಿದಿತ್ತು. ಒಂದು ಮಾತು ಆಡಲಿಲ್ಲ. ಕೈಜೋಡಿಸಿ, ಬಟ್ಟಲನ್ನು ಮೇಜಿನ ನಡುವಿಗೆ ಸರಿಸಿ ಎದ್ದರು. ಇಲ್ಲಿಯ ಗೆಳೆಯರನ್ನು ಕೇಳಿದರೆ, ಅದೇ ಅತಿ ದೊಡ್ಡ ದೂರು ಅನ್ನುತ್ತಾರೆ. ಎದುರಿಗೆ ಹೇಳುವುದಿಲ್ಲ, ಇನ್ನೊಮ್ಮೆ ಬರುವುದೂ ಇಲ್ಲ. ಅಂಗಡಿಗಳಿಗೆ ಅಂಕ ಕೊಡುವಾಗಲೂ ಇಲ್ಲಿಯವರ ಕೈ ಬಿಗಿ. ಜಪಾನಿಗಳು ಹೋಟೆಲು ಹುಡುಕಲು ಬಳಸುವ ತಾಬೆಲಾಗ್‌ನಲ್ಲಿ ಐದಕ್ಕೆ ಮೂರೂವರೆ ಬಂದರೆ ಒಳ್ಳೆಯ ಜಾಗ ಅಂತ ಲೆಕ್ಕ. ಪುಟ್ಟೀ, ಆ ಅಂಗಡಿಗೆ ನೀನು ನೋಡಿದ 4.6 ಅಂಕ ಕೊಟ್ಟವರು ನಮ್ಮಂಥ ದಾರಿಹೋಕರೇ, ಹೆಚ್ಚಾಗಿ ಫೋಟೊ ತೆಗೆದ ಖುಷಿಯಲ್ಲಿ ಕೊಟ್ಟದ್ದು. ಒಮ್ಮೆ ಬಂದವರು ಇನ್ನೊಮ್ಮೆ ಬರುವುದೇ ಇಲ್ಲ ಅಂತ ಆ ಅಂಗಡಿಗೂ ಗೊತ್ತು. ಆ ಮುದುಕಮ್ಮ ಬಾರದಿದ್ದರೆ ಅವರಿಗೇನು ನಷ್ಟ? ಬಾಗಿಲ ಯಂತ್ರ ಚೀಟಿ ಕೊಡುತ್ತಲೇ ಇದೆ.

ಗಲ್ಲಾದಲ್ಲಿ ನೇಪಾಳದ ಹುಡುಗ. ನಮ್ಮ ಮುಖ ನೋಡಿ ಹಿಂದಿಯಲ್ಲಿ ಮಾತಾಡಿದ. ಇಲ್ಲಿ ಓದಲು ಬಂದವರಿಗೆ ವಾರಕ್ಕೆ 28 ಗಂಟೆ ಮಾತ್ರ ದುಡಿಯಲು ಅನುಮತಿ. ಆ ಗಂಟೆಗಳಷ್ಟನ್ನೂ ಅವನು ಅಲ್ಲೇ ನಿಂತು ಕಳೆಯುತ್ತಾನೆ. "ದೀದಿ, ಲೋಟಗಳನ್ನು ಬೆಳಿಗ್ಗೆಯೇ ಅರ್ಧ ತುಂಬಿಸಿ ಇಟ್ಟಿರುತ್ತೇವೆ, ಇಷ್ಟು ಜನಕ್ಕೆ ಇನ್ನು ಹೇಗೆ ಮಾಡೋದು" ಅಂದ. ಆಮೇಲೆ ಅವನೇ ಚೀಟಿ ಚಾಚಿ, ಎರಡೂ ಕೈಯಲ್ಲಿ ಚಿಲ್ಲರೆ ಕೊಟ್ಟು, ಬಾಗಿ, ಮತ್ತೆ ಬನ್ನಿ ಅಂದ. ನನಗೆ ಅವನ ಮೇಲೆ ಕೋಪ ಬರಲಿಲ್ಲ. ಇಲ್ಲಿ ಟಿಪ್ಸ್ ಕೊಡುವ ಪದ್ಧತಿ ಇಲ್ಲದ್ದು ಅವತ್ತು ಬೇಜಾರಾಯಿತು.

ಇದು ಒಂದು ಅಂಗಡಿಯ ಕತೆ ಅಂದುಕೊಳ್ಳಬೇಡಿ. ನನ್ನ ಜೊತೆ ಕೆಲಸ ಮಾಡುವ ಒಬ್ಬಳು ಇನ್ನೊಂದು ಕಡೆ ಒಂದು ಗಂಟೆ ನಿಂತು, ಬಾಗಿಲು ಮುಟ್ಟಿದ ಮೇಲೆ ಪಾರ್ಫೆ ಖಾಲಿ ಅಂತ ಕೇಳಿಸಿಕೊಂಡಳು. ಸಾಲಿನ ತುದಿಯಲ್ಲಿ ಒಂದು ಬೋರ್ಡು ಇಟ್ಟಿದ್ದರೆ ಸಾಕಿತ್ತು. ಇನ್ನೊಬ್ಬ ಕೋನ್ ಐಸ್‌ಕ್ರೀಮು ತಗೊಂಡು ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತದ್ದಕ್ಕೆ ಎಬ್ಬಿಸಿದರು. ಇದಕ್ಕೆ ಮಾತ್ರ ಕಾರಣ ಇದೆ. 2019ರ ಅಕ್ಟೋಬರ್‌ನಿಂದ ಇಲ್ಲಿ ಕೂತು ತಿಂದರೆ 10 ಶೇಕಡಾ ತೆರಿಗೆ, ಕಟ್ಟಿಸಿಕೊಂಡು ಹೋದರೆ 8 ಶೇಕಡಾ. ಅವನು ಕಟ್ಟಿಸಿಕೊಂಡು ಹೋಗುವ ದರ ಕೊಟ್ಟು ಕೂತಿದ್ದ. ಎರಡು ಶೇಕಡಾ ಕೊಟ್ಟುಬಿಡುತ್ತೇನೆ ಅಂದರೂ ಆಗಲಿಲ್ಲ, ಬಿಲ್ ಆಗಿಹೋಗಿತ್ತು.

ಇಷ್ಟೆಲ್ಲ ಆಗುತ್ತಿರುವುದು ಯಾಕೆ ಅಂದರೆ ಲೋಕಕ್ಕೆಲ್ಲ ಈಗ ಮಾಚಾ ಬೇಕು. ಮಾಚಾ ಮಾತ್ರ ಅವಸರಕ್ಕೆ ಆಗುವ ವಸ್ತುವಲ್ಲ. ಕುಯ್ಯುವ ಮೊದಲು ಮೂರು ವಾರದಷ್ಟು ಗಿಡಗಳಿಗೆ ನೆರಳು ಕಟ್ಟುತ್ತಾರೆ. ಹಿಂದೆ ಜೊಂಡು, ಹುಲ್ಲು ಹೊದಿಸುತ್ತಿದ್ದರು, ಈಗ ಹೆಚ್ಚಾಗಿ ಕಪ್ಪು ಬಲೆ. ಬಿಸಿಲು ತಪ್ಪಿದರೆ ಎಲೆಯಲ್ಲಿ ಕಹಿ ಕಡಿಮೆ, ಹಸಿರು ಜಾಸ್ತಿ. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಉಜ್ಜದೆ ಸುರುಳಿ ಮಾಡದೆ ಹಾಗೇ ಒಣಗಿಸಿ, ಕಡ್ಡಿ ನರ ಎಲ್ಲ ತೆಗೆದರೆ ಅದು ತೆಂಚಾ. ಅದನ್ನು ಬೀಸುವ ಕಲ್ಲಿನಲ್ಲಿ ನಿಧಾನವಾಗಿ ಬೀಸಬೇಕು. ಒಂದು ಕಲ್ಲು ಗಂಟೆಗೆ ಕೊಡುವುದು ಸುಮಾರು 40 ಗ್ರಾಂ, ಇಪ್ಪತ್ತು ಬಟ್ಟಲಿಗೆ ಆಗುವಷ್ಟು. ಬೇಗ ತಿರುಗಿಸಿದರೆ ಬಿಸಿಯಾಗಿ ಪರಿಮಳ ಹೋಗುತ್ತದೆ. 2024ರ ಬೇಸಿಗೆ ಕ್ಯೋಟೊದಲ್ಲಿ ಬೆಂಕಿಯಂಥ ಬಿಸಿಲು. ಗಿಡಗಳು ಬಳಲಿದವು, ಬೇಡಿಕೆ ಮಾತ್ರ ಏರುತ್ತಲೇ ಹೋಯಿತು. 2025ರ ವಸಂತದ ಹರಾಜಿನಲ್ಲಿ ಕ್ಯೋಟೊ ತೆಂಚಾ ಕಿಲೋಗೆ 8,000 ಯೆನ್ ದಾಟಿತು. ಅಲ್ಲಿವರೆಗಿನ ದಾಖಲೆ ಎಷ್ಟೋ ಹಿಂದೆ ಬಿತ್ತು. ಹಳೆಯ ಟೀ ಅಂಗಡಿಗಳು ಕೂಡ ಒಬ್ಬರಿಗೆ ಒಂದೇ ಡಬ್ಬಿ ಅಂತ ಬೋರ್ಡು ಹಾಕಿವೆ. ಪುಡಿ ತುಟ್ಟಿ ಆದಾಗ ಫೋಟೊಗೆ ಬದುಕುವ ಅಂಗಡಿ ಏನು ಮಾಡುತ್ತದೆ? ಪುಡಿ ಕಡಿಮೆ ಹಾಕಿ ಲೋಟ ಎತ್ತರ ಮಾಡುತ್ತದೆ.

ಹಾಗಂತ ನಿಮಗೆ ಒಳ್ಳೆಯ ಮಾಚಾ ಕುಡಿಸದೆ ಕಳಿಸುತ್ತೇನೆಯೇ? ನನ್ನ ಯೋಚನೆ ಹೀಗಿದೆ. ಕ್ಯೋಟೊದಿಂದ ನಾರಾ ಕಡೆಯ ರೈಲಿನಲ್ಲಿ ಇಪ್ಪತ್ತು, ಹೆಚ್ಚೆಂದರೆ ಮೂವತ್ತು ನಿಮಿಷಕ್ಕೆ ಟೀಗೆ ಹೆಸರಾದ ಉಜಿ ಊರು ಸಿಗುತ್ತದೆ. ನೀವು ಬರುವುದೂ ಮೇನಲ್ಲಿ, ಹೊಸ ಎಲೆ ಕುಯ್ಯುವ ಕಾಲ. ಇಲ್ಲಿಯ ಲೆಕ್ಕದಲ್ಲಿ ವಸಂತ ಶುರುವಾದ ಮೇಲೆ 88ನೇ ದಿನ, ಅಂದರೆ ಮೇ 2ರ ಸುಮಾರಿಗೆ, ಮೊದಲ ಕುಯ್ಲಿಗೆ ಒಳ್ಳೆಯದು ಅನ್ನುತ್ತಾರೆ. ಕಪ್ಪು ಬಲೆ ಹೊದ್ದ ತೋಟಗಳನ್ನೂ ನೋಡಬಹುದು. ಉಜಿಯಲ್ಲಿ ಬ್ಯೋದೋಇನ್ ದೇವಸ್ಥಾನ ಇದೆ. ಅದರ ಫೀನಿಕ್ಸ್ ಮಂಟಪ ಕಟ್ಟಿದ್ದು 1053ರಲ್ಲಿ. ಅಪ್ಪನ ನಾಣ್ಯದ ಡಬ್ಬಿಗೆ ನಾನು ಕಳಿಸಿದ 10 ಯೆನ್ ನಾಣ್ಯದ ಮೇಲೆ ಇರುವುದು ಅದೇ. ಅದರ ಹತ್ತಿರವೇ, ಹೊಳೆಯ ದಂಡೆಯಲ್ಲಿ, ಊರಿನ ನಗರಸಭೆಯೇ ನಡೆಸುವ ತೈಹೋಆನ್ ಅನ್ನುವ ಟೀ ಮನೆ ಇದೆ. ಲೋಟ ಇಲ್ಲ, ಪಾರ್ಫೆ ಇಲ್ಲ. ಮೊದಲು ಒಂದು ಚಿಕ್ಕ ಸಿಹಿ, ಆಮೇಲೆ ಕಡೆದ ಬಟ್ಟಲು. ಅಪ್ಪನಿಗೂ ಅಜ್ಜಿಗೂ ಚಾಪೆಯ ಮೇಲೆ ಕಾಲು ಮಡಿಸಿ ಕೂರಲು ಆಗುವುದಿಲ್ಲ ಅಲ್ವಾ, ನಾನು ಮೊದಲೇ ಫೋನ್ ಮಾಡಿ ಕುರ್ಚಿ ಸಿಗುತ್ತದಾ ಕೇಳುತ್ತೇನೆ.

ಅಜ್ಜಿಗೆ ಇನ್ನೊಂದು ಸಮಾಧಾನದ ಸುದ್ದಿ. ಹಳೆಯ ಕಾಲದ ಸಿಹಿಗಳೇ ನಮಗೆ ಹೆಚ್ಚು ಹೊಂದುತ್ತವೆ. ಅವು ಬಹಳಮಟ್ಟಿಗೆ ಅಲಸಂದೆ ಜಾತಿಯ ಕೆಂಪು ಕಾಳು, ಬಿಳಿ ಕಾಳು, ಅಕ್ಕಿಹಿಟ್ಟು, ಸಕ್ಕರೆ. ಗಟ್ಟಿಯಾಗಬೇಕಾದರೆ ಕಾಂತೆನ್. ಆ ಕಾಂತೆನ್ ಮಾಡಲು ಕಲಿತದ್ದೂ 17ನೇ ಶತಮಾನದಲ್ಲಿ, ಇದೇ ಕ್ಯೋಟೊದ ಫುಶಿಮಿಯಲ್ಲಿ ಅನ್ನುತ್ತಾರೆ. ಕಾಳಿನ ಯೋಕಾನ್ ಅನ್ನುವ ಗಟ್ಟಿ ಸಿಹಿ ನೀವು ಧೈರ್ಯವಾಗಿ ತಿನ್ನಬಹುದು. ಎಚ್ಚರ ಬೇಕಾದದ್ದು ಹೊಸ ಕಾಲದ ಮಾಚಾ ಕೇಕು, ಮೂಸ್, ಪುಡ್ಡಿಂಗ್‌ಗಳ ಬಗ್ಗೆ. ಕಾಸ್ತೆಲಾ ಅಂತ ಒಂದು ಹಳದಿ ಕೇಕು ಇದೆ, ನೋಡಲು ಸಾಧು, ಒಳಗೆಲ್ಲ ಮೊಟ್ಟೆ. ಮಾಚಾ ಹಾಕಿದ ಹಸಿರು ಸೋಬಾ ಶಾವಿಗೆಯನ್ನೂ ಉಜಿಯಲ್ಲಿ ಎಲ್ಲ ಕಡೆ ಮಾರುತ್ತಾರೆ. ಶಾವಿಗೆ ಪರವಾಗಿಲ್ಲ, ಅದ್ದಿ ತಿನ್ನುವ ಸಾರಿನಲ್ಲಿ ಒಣಮೀನು. ನಾನು ನೋಡಿಕೊಳ್ಳುತ್ತೇನೆ.

ಚಿಕ್ಕಮ್ಮನಿಗೆ ಒಂದು ಡಬ್ಬಿ ಮಾಚಾ ಬೇಕು ಅಂದಿದ್ದಿರಿ. ನೀವು ವಾಪಸ್ ಹೊರಡುವ ಹಿಂದಿನ ದಿನ ತಗೊಳ್ಳೋಣ. 20 ಗ್ರಾಮಿನದ್ದು ಸಾಕು, ಹತ್ತು ಬಟ್ಟಲಾಗುತ್ತದೆ. ತೆರೆದ ಮೇಲೆ ಗಾಳಿ ಬೆಳಕು ತಾಗದ ಹಾಗೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಲು ಹೇಳಿ. ಉಜಿ ಅಂತ ಬರೆದಿದ್ದ ಮಾತ್ರಕ್ಕೆ ಎಲೆ ಉಜಿಯಲ್ಲೇ ಬೆಳೆದದ್ದು ಅಂತ ಅಲ್ಲ. ಅಲ್ಲಿಯ ಟೀ ಸಂಘ 2004ರಲ್ಲಿ ಮಾಡಿಕೊಂಡ ನಿಯಮದ ಪ್ರಕಾರ ಕ್ಯೋಟೊ, ನಾರಾ, ಶಿಗಾ, ಮಿಎ ಈ ನಾಲ್ಕು ಪ್ರಾಂತ್ಯಗಳ ಎಲೆಯನ್ನು ಕ್ಯೋಟೊದಲ್ಲಿ ಹದಮಾಡಿದರೂ ಉಜಿ ಟೀ ಅನ್ನಬಹುದು. ಅದರಲ್ಲಿ ಮೋಸ ಇಲ್ಲ, ಒಳ್ಳೆಯ ಅಂಗಡಿಯಲ್ಲಿ ಕೇಳಿದರೆ ಯಾವ ಊರಿನ ಎಲೆ ಅಂತಲೂ ಹೇಳುತ್ತಾರೆ. ನಾನು ಹೋಗುವ ಉಜಿಯ ಅಂಗಡಿಯಲ್ಲಿ ಮಾರುವ ಮುಂಚೆ ಒಂದು ಚಿಟಿಕೆ ಕಡೆದು ಕುಡಿಸುತ್ತಾರೆ. ಇಷ್ಟವಾಗಲಿಲ್ಲ ಅಂದರೆ ಇನ್ನೊಂದು ಡಬ್ಬಿ ತೆಗೆಯುತ್ತಾರೆ. ಅಲ್ಲಿಯ ಯಜಮಾನಿ ಯಾರಿಗೂ ಅಷ್ಟೇನೂ ಬಾಗುವುದಿಲ್ಲ. ಹೋದ ಸಲ "ನೀರು ಜಾಸ್ತಿ ಬಿಸಿ ಮಾಡ್ತೀಯ, ಅದಕ್ಕೇ ಕಹಿ" ಅಂತ ನನ್ನನ್ನೇ ಗದರಿದರು. ಅಪ್ಪನಿಗೂ ಅವರಿಗೂ ಚೆನ್ನಾಗಿ ಹೊಂದುತ್ತದೆ.

ಪುಟ್ಟೀ, ಫೋಟೊ ಬೇಕೇ ಬೇಕು ಅಂದರೆ ಆ ಅಂಗಡಿಯ ಕಿಟಕಿಯ ಮುಂದೆ ನಿಲ್ಲಿಸಿ ತೆಗೆದುಕೊಡುತ್ತೇನೆ. ಪ್ಲಾಸ್ಟಿಕ್ ಪಾರ್ಫೆ ನಿಜವಾದದ್ದಕ್ಕಿಂತ ಚೆನ್ನಾಗಿಯೇ ಬರುತ್ತದೆ, ಬಿಟ್ಟಿ ಬೇರೆ.

ಒಂದು ಮುಖ್ಯ ವಿಷಯ. ಈ ಸಲ ಏಪ್ರಿಲ್ 29ರಿಂದ ಮೇ 6ರವರೆಗೆ ಇಲ್ಲಿ ಸಾಲುಸಾಲು ರಜೆ. ರೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ರೂಮಿನ ಬೆಲೆಯೂ ಆಕಾಶಕ್ಕೆ. ಅಪ್ಪ, ಟಿಕೆಟ್ಟನ್ನು ಮೇ 7ರ ಮೇಲೆಯೇ ಮಾಡಿಸಿ. ದಿನ ಗೊತ್ತಾದ ಕೂಡಲೇ ತಿಳಿಸಿ, ಉಜಿಗೆ ಫೋನ್ ಮಾಡುವುದು ಬಾಕಿ ಇದೆ. ಅಮ್ಮ, ನೀವು ಮೊಟ್ಟೆ ಹಾಕಿದ ಬಿಸ್ಕತ್ತು ತಿನ್ನುತ್ತೀರೋ ಇಲ್ಲವೋ ಅದನ್ನೂ ಬರೆಯಿರಿ. ಹೋದ ಸಲ ಎರಡು ಥರ ಹೇಳಿದ್ದಿರಿ.

ಎಲ್ಲರಿಗೂ ನಮಸ್ಕಾರ, ಪುಟ್ಟಿಗೆ ಮುದ್ದು.

ನಿಮ್ಮ ಮಗಳು